ಗಿರಿಯಮ್ಮ ಬೈಯುವಾಗ ತೆಗೆದ ಫೋಟೋ

ಹೊಳಲ್ಕೆರೆಯ ಒಂದು ಸರ್ಕಾರಿ ಕಚೇರಿಯಲ್ಲಿ ಪರಮೇಶ್ ದ್ವಿತೀಯ ದರ್ಜೆ ಗುಮಾಸ್ತ. ಆ ಕಚೇರಿಗೆ ಇಂಗ್ಲಿಷ್ ಪತ್ರ ಬಂದರೆ ಮೊದಲು ಅವನ ಮೇಜಿಗೆ ಹೋಗುತ್ತಿತ್ತು. ಅವನು ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಒರೆಸಿ, 'ಇದು ಈ ಶಾಖೆಗೆ ಸಂಬಂಧಪಟ್ಟದ್ದಲ್ಲ' ಎಂದು ಷರಾ ಬರೆದು ಮುಂದಿನ ಮೇಜಿಗೆ ದಾಟಿಸುತ್ತಿದ್ದ. ಹನ್ನೆರಡು ವರ್ಷಗಳಲ್ಲಿ ಈ ಷರಾ ಒಮ್ಮೆಯೂ ತಪ್ಪೆಂದು ಸಾಬೀತಾಗಿರಲಿಲ್ಲ. ಹಾಗಾಗಿ ಪರಮೇಶನಿಗೆ ಇಂಗ್ಲಿಷ್ ಬರುತ್ತದೆ ಎಂಬ ವಿಷಯದಲ್ಲಿ ಯಾರಿಗೂ ಅನುಮಾನವಿರಲಿಲ್ಲ, ಕಡೆಕಡೆಗೆ ಪರಮೇಶನಿಗೂ.

ಎರಡು ಸಾವಿರದ ಇಸವಿಯ ಸಂಕ್ರಾಂತಿಗೆ ಹದಿನೈದು ದಿನ ಇರುವಾಗ ಅವನಿಗೆ ಒಂದು ಪತ್ರ ಬಂತು. ಇದು ಕನ್ನಡದಲ್ಲಿತ್ತು ಮತ್ತು ದುರದೃಷ್ಟವಶಾತ್ ಅವನಿಗೇ ಸಂಬಂಧಪಟ್ಟಿತ್ತು. ಬರೆದವನು ಮಿಲಿಟರಿಯಲ್ಲಿದ್ದ ಮಾರುತೇಶ್, ಪರಮೇಶನ ಅಕ್ಕ ಗಿರಿಯಮ್ಮನ ಮಗ. ಪರಮೇಶ್ ಅಕ್ಕನ ಮಗಳು ಅನುಸೂಯಳನ್ನೇ ಮದುವೆಯಾಗಿದ್ದರಿಂದ ಗಿರಿಯಮ್ಮ ಅವನಿಗೆ ಅಕ್ಕನೂ ಹೌದು, ಅತ್ತೆಯೂ ಹೌದು. ಎರಡೂ ಹುದ್ದೆಗಳ ಅಧಿಕಾರವನ್ನು ಆಕೆ ಏಕಕಾಲಕ್ಕೆ ಚಲಾಯಿಸುತ್ತಿದ್ದಳು.

'ಮಾಮನಿಗೆ ನಮಸ್ಕಾರ,' ಎಂದು ಬರೆದಿದ್ದ ಮಾರುತೇಶ್. 'ಈ ಸಲವೂ ರಜೆ ಸಿಕ್ಕಿಲ್ಲ. ಅವ್ವನ ಫೋಟೋವನ್ನು ಟ್ರಂಕಿನ ಮೇಲೆ ಇಟ್ಟುಕೊಂಡಿದ್ದೆ. ಮೊನ್ನೆ ಹೊಸದಾಗಿ ಬಂದ ಸುಬೇದಾರ್ ಸಾಹೇಬರು ಅದನ್ನು ನೋಡಿ, ಟೋಪಿ ತೆಗೆದು ಒಂದು ನಿಮಿಷ ಸುಮ್ಮನೆ ನಿಂತು, ತಾಯಿ ಹೋಗಿ ಎಷ್ಟು ದಿನವಾಯಿತು ಅಂತ ಕೇಳಿದರು. ಗಟ್ಟಿಮುಟ್ಟಾಗಿದ್ದಾಳೆ ಸಾಹೇಬರೇ ಅಂದರೂ ನನ್ನ ಬೆನ್ನು ತಟ್ಟಿ ಸಮಾಧಾನ ಮಾಡಿ ಹೋದರು. ಅದಕ್ಕೆ ಸ್ನೇಹಿತನ ಕೈಲಿ ಒಂದು ಕ್ಯಾಮರಾ ಕಳಿಸುತ್ತಿದ್ದೇನೆ. ಅವ್ವನದು ಒಂದು ಕ್ಯಾಂಡಿಡ್ ಫೋಟೋ ತೆಗೆದು ಕಳಿಸಿ. ಯಾರಿಗಾದರೂ ಬೈಯುವಾಗ ತೆಗೆಯಿರಿ. ನಾನು ಬೈಸಿಕೊಂಡು ಒಂದೂವರೆ ವರ್ಷವಾಯಿತು ಮಾಮ.'

ಪರಮೇಶ್ ಕೊನೆಯ ವಾಕ್ಯವನ್ನು ಎರಡು ಸಲ ಓದಿ ಕನ್ನಡಕ ತೆಗೆದು ಒರೆಸಿದ. ಈ ಸಲ ಅದಕ್ಕೆ ನಿಜವಾಗಿಯೂ ಒರೆಸುವ ಅಗತ್ಯವಿತ್ತು.

ರಜೆಗೆ ಬಂದ ಆ ಸ್ನೇಹಿತ ಚಿತ್ರದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಕ್ಯಾಮರಾ ಕೊಟ್ಟು, ಒಂದು ಸೆಲ್ಯೂಟೂ ಕೊಟ್ಟು, ತನ್ನ ಬಸ್ಸು ಹತ್ತಿದ. ಅದು ಗುಂಡಿ ಒತ್ತಿದರೆ ಮುಗಿಯಿತೆನ್ನುವ ಜಾತಿಯ ಕ್ಯಾಮರಾ ಆಗಿರಲಿಲ್ಲ. ಅರ್ಧ ಸೇರು ತೂಗುವ ಕರಿಯ ಯಂತ್ರ, ಮೈತುಂಬಾ ಬಳೆಗಳು, ಬಳೆಗಳ ತುಂಬಾ ಅಂಕಿಗಳು. ಪರಮೇಶ್ ಅದನ್ನು ಹೊಳಲ್ಕೆರೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ಜಂಬಣ್ಣನ ಮುಂದೆ ಇಟ್ಟ. ಸುಬೇದಾರರು ನೋಡಿ ಟೋಪಿ ತೆಗೆದ ಆ ಫೋಟೋ ತೆಗೆದವನೂ ಈ ಜಂಬಣ್ಣನೇ.

"ಅದ್ರಾಗೆ ನನ್ ತಪ್ಪೇನೈತೆ ಸಾರ್," ಅಂದ ಜಂಬಣ್ಣ. "ಅಲ್ಲಾಡ್ಬ್ಯಾಡ್ರಮ್ಮ ಅಂದೆ. ಅವರು ಉಸಿರೂ ಬಿಡ್ಲಿಲ್ಲ."

"ಅದಿರ್ಲಿ. ಈ ಕ್ಯಾಂಡಿಡ್ ಅನ್ನೋದಕ್ಕೆ ನಿಮ್ಮ ಕಡೆ ಏನಂತೀರಿ?" ಪರಮೇಶ್ ತನಗೆ ಗೊತ್ತಿಲ್ಲವೆಂಬುದು ಗೊತ್ತಾಗದಂತೆ ಕೇಳಿದ.

"ಕ್ಯಾಂಡಿಡ್ ಅಂತೀವಿ. ಅವರಿಗೆ ಗೊತ್ತಾಗ್ದಂಗೆ ತೆಗೆಯೋದು."

"ಹಾಂ, ಸರಿಯಾಗಿ ಹೇಳಿದ್ರಿ," ಎಂದು ಪರಮೇಶ್ ಉತ್ತರವನ್ನು ಅನುಮೋದಿಸಿದ.

ಜಂಬಣ್ಣ ಮೊದಲನೇ ಬಳೆ ತಿರುಗಿಸಿ ತೋರಿಸಿದ. "ಇದು ಬೆಳಕಿನ ಕಿಂಡಿ. ನಂಬರು ದೊಡ್ಡದಾದಷ್ಟೂ ಕಿಂಡಿ ಸಣ್ಣದು."

"ಅದು ಹೆಂಗಾಗ್ತೈತೆ? ಅಚ್ಚು ಹಾಕೋವಾಗ ತಿರುಗುಮುರುಗಾಗಿರ್ಬೇಕು."

"ನಿಮ್ಮ ಇಲಾಖೇಲೂ ಅಂಗೇ ಅಲ್ವೇನ್ರಿ? ಸಾಹೇಬ್ರು ದೊಡ್ಡೋರಾದಷ್ಟೂ ಬಾಗ್ಲು ಸಣ್ಣಗೆ ತೆಗೀತಾರೆ."

ಪರಮೇಶನಿಗೆ ತಕ್ಷಣ ಅರ್ಥವಾಯಿತು. ಅವನು ಜೇಬಿನಿಂದ ಹಾಳೆ ತೆಗೆದು ಟಿಪ್ಪಣಿ ಬರೆದುಕೊಂಡ. 'ಕಿಂಡಿ: ಉರಿಬಿಸಿಲಿಗೆ ಹದಿನಾರು, ಮೋಡಕ್ಕೆ ಎಂಟು, ಮರದ ನೆರಳಿಗೆ ಐದೂವರೆ ಚಿಲ್ಲರೆ. ವೇಗ: ನೂರಾ ಇಪ್ಪತ್ತೈದು, ಮುಂದಿನ ಆದೇಶದವರೆಗೆ ಬದಲಿಸತಕ್ಕದ್ದಲ್ಲ. ದೂರ: ಹತ್ತು ಅಡಿಗೆ ಮೊದಲೇ ಇಟ್ಟುಕೊಂಡು ಕಾಯತಕ್ಕದ್ದು.'

"ಕಣ್ಣಿಗೆ ಹಿಡೀಬ್ಯಾಡ್ರಿ, ಹಿಡಿದ್ರೆ ಅವರಿಗೆ ತಿಳೀತೈತೆ," ಅಂದ ಜಂಬಣ್ಣ. "ಹೊಟ್ಟೆ ಮೇಲೆ ತೂಗಾಕ್ಕಂಡು, ಎಲ್ಲಾ ಮೊದ್ಲೇ ಸರಿ ಮಾಡಿಟ್ಕಂಡು, ಆಮೇಲೆ ಏನೂ ಗೊತ್ತಿಲ್ದೋರಂಗೆ ನಿಂತಿರ್ಬೇಕು."

"ಅದು ನಂಗೆ ಸರ್ವಿಸ್ನಾಗೇ ಅಭ್ಯಾಸ ಆಗೈತೆ," ಅಂದ ಪರಮೇಶ್.

ಮೂವತ್ತಾರು ಫೋಟೋಗಳ ಒಂದು ರೋಲು ತುಂಬಿಸಿಕೊಂಡು, ಸಂಕ್ರಾಂತಿ ರಜೆಗೆ ನಾಲ್ಕು ದಿನ ಸೇರಿಸಿ, ಗಂಡಹೆಂಡತಿ ಅಕ್ಕನ ಊರಿಗೆ ಹೊರಟರು. ಊರು ಕರೇಕಲ್ಲಹಟ್ಟಿ. ಹೊಸದುರ್ಗದಿಂದ ಹಿರಿಯೂರಿನ ಕಡೆ ಹೋಗುವ ದಾರಿಯಲ್ಲಿ ಬಸ್ಸು ನಿಲ್ಲಲು ಅಷ್ಟಾಗಿ ಇಷ್ಟಪಡದ ಊರು. ಕುರಿ ಸಾಕುವ ಮನೆಗಳೇ ಹೆಚ್ಚು. ತಾಯಿಯಿಲ್ಲದ ಪರಮೇಶನನ್ನು ಗಿರಿಯಮ್ಮ ಇಲ್ಲೇ ಸಾಕಿ ಓದಿಸಿದ್ದಳು, ಓದಿಸಿದ್ದಕ್ಕಿಂತ ಹೆಚ್ಚಾಗಿ ಬೈದಿದ್ದಳು.

ಗಿರಿಯಮ್ಮನ ಬೈಗುಳದ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ಅದರಲ್ಲಿ ಕೆಟ್ಟ ಮಾತು ಇರುತ್ತಿರಲಿಲ್ಲ, ಇತಿಹಾಸ ಇರುತ್ತಿತ್ತು. ಇವತ್ತು ನೀವು ಒಂದು ತಂಬಿಗೆ ಬೀಳಿಸಿದರೆ, ನಿಮ್ಮ ಐದನೇ ವಯಸ್ಸಿನಿಂದ ಈಚೆಗೆ ನಿಮ್ಮ ಕೈಯಿಂದ ಬಿದ್ದ ತಂಬಿಗೆ, ಚೊಂಬು, ಚರಿಗೆಗಳೆಲ್ಲ ಕಾಲಾನುಕ್ರಮದಲ್ಲಿ ಎದ್ದು ಬರುತ್ತಿದ್ದವು. ದಿನದ ಮೊದಲ ಬೈಗುಳ ಪಕ್ಕದ ಮನೆ ನಿಂಗಕ್ಕನ ಮೇಕೆಗೆ, ಎರಡನೆಯದು ನಿಂಗಕ್ಕನಿಗೆ, ಮೂರನೆಯದು ಗಂಡ ಗೋವಿಂದಪ್ಪನಿಗೆ. ಗೋವಿಂದಪ್ಪ ಮೂವತ್ತೈದು ವರ್ಷಗಳಿಂದ ಅದನ್ನು ಕೇಳಿಸಿಕೊಂಡೇ ಕುರಿ ಹೊಡೆದುಕೊಂಡು ಹೋಗುತ್ತಿದ್ದ. ಗಡಿಯಾರವಿಲ್ಲದ ಕೇರಿಗೆ ಹೊತ್ತು ತಿಳಿಯುತ್ತಿದ್ದುದೇ ಹಾಗೆ. ಇಂಥಾಕೆ ಬೈಯುವ ಫೋಟೋ ತೆಗೆಯಲು ಮೂವತ್ತಾರು ಅವಕಾಶಗಳು ಜಾಸ್ತಿಯೇ ಆದವೆಂದು ಪರಮೇಶ್ ಅಂದುಕೊಂಡಿದ್ದ. ಉಳಿದ ಮೂವತ್ತೈದರಲ್ಲಿ ಮಾರಿಕಣಿವೆ ಅಣೆಕಟ್ಟಿಗೆ ಹೋಗಿ ಸಂಸಾರದ ಫೋಟೋ ತೆಗೆಯುವುದೆಂದು ಅನುಸೂಯಳಿಗೆ ಮಾತೂ ಕೊಟ್ಟಿದ್ದ.

ಎಡವಟ್ಟಾದದ್ದು ಊರ ಬಾಗಿಲಲ್ಲೇ. ಬಸ್ಸಿಳಿದವನನ್ನು ಹೋಟೆಲಿನ ಬೆಂಚಿನಲ್ಲಿ ಕುಳಿತಿದ್ದ ಕಾಟಯ್ಯ ಕೂಗಿ ಕರೆದ. ಕಾಟಯ್ಯ ಊರಿನ ಮುಖಂಡ. ಯಾರೂ ಹಾಗೆ ಕರೆಯುವ ಮೊದಲೇ ತಾನೇ ಹೇಳಿಕೊಂಡು ರೂಢಿ ಮಾಡಿದ್ದ. ಗ್ರಾಮ ಪಂಚಾಯಿತಿ ಚುನಾವಣೆ ಹತ್ತಿರ ಬಂದಿತ್ತು. ಊರಿನ ಸೀಟು ಮಹಿಳೆಯರಿಗೆ ಬಂದಿದ್ದರಿಂದ ತನ್ನ ಹೆಂಡತಿ ಕೊಟ್ರಮ್ಮನನ್ನು ಅವಿರೋಧವಾಗಿ ಆರಿಸಿ ತರುವುದೆಂದು ಅವನು ನಿಶ್ಚಯಿಸಿದ್ದ.

"ಏನಪ್ಪ ಪರಮೇಶ, ಕೊಳ್ಳಾಗೆ ಏನೋ ಭಾರ ಐತೆ?"

ಕ್ಯಾಮರಾ ಎಂದು ಒಂದು ಮಾತಿನಲ್ಲಿ ಹೇಳಿ ಹೋಗಬಹುದಿತ್ತು. ಆದರೆ ಬೆಂಚಿನಲ್ಲಿ ಇನ್ನೂ ನಾಲ್ಕು ಜನ ಕುಳಿತಿದ್ದರು, ಮತ್ತು ಪರಮೇಶನಿಗೆ ಇಂಗ್ಲಿಷ್ ಬರುತ್ತಿತ್ತು.

"ನಮ್ಮಕ್ಕಂದು ಕ್ಯಾಂಡಿಡ್ ಫೋಟೋ ತೆಗೀಬೇಕಾಗೈತೆ ಕಾಟಯ್ಯಣ್ಣ," ಎಂದ ಅವನು ದನಿ ತಗ್ಗಿಸಿ. "ಮಾರುತೇಶ ಮಿಲಿಟರಿಯಿಂದ ಬರೆದವ್ನೆ. ಗುಟ್ಟಾಗಿ ಆಗ್ಬೇಕು. ಅಕ್ಕಂಗೂ ಹೇಳಿಲ್ಲ. ನೀವೂ ಯಾರಿಗೂ ಹೇಳ್ಬ್ಯಾಡ್ರಿ."

ಕಾಟಯ್ಯನ ಕೈಯಲ್ಲಿದ್ದ ಟೀ ಲೋಟ ತುಟಿಗೂ ಬೆಂಚಿಗೂ ನಡುವೆ ನಿಂತಿತು.

"ಕ್ಯಾಂಡಿಡೇಟ್ ಫೋಟೋ," ಎಂದು ಅವನು ತನ್ನಷ್ಟಕ್ಕೆ ಹೇಳಿಕೊಂಡ. ಪರಮೇಶ್ ಆಗಲೇ ಚೀಲ ಹಿಡಿದು ಅಕ್ಕನ ಮನೆಯ ಹಾದಿ ಹಿಡಿದಿದ್ದ.

ಯಾರಿಗೂ ಹೇಳಬೇಡಿ ಎಂದದ್ದರಿಂದ ಸುದ್ದಿ ಊರು ತುಂಬಲು ಮಾಮೂಲಿಗಿಂತ ಅರ್ಧ ಹೊತ್ತು ಸಾಕಾಯಿತು. ಗಿರಿಯಮ್ಮ ಪಂಚಾಯಿತಿಗೆ ನಿಲ್ಲುತ್ತಾಳೆ. ಮಗ ಮಿಲಿಟರಿಯಿಂದ ಹೇಳಿ ಕಳಿಸಿದ್ದಾನೆ. ತಮ್ಮ ಸರ್ಕಾರಿ ನೌಕರ, ಗುಟ್ಟಾಗಿ ಕ್ಯಾಂಡಿಡೇಟ್ ಫೋಟೋ ತೆಗೆಯಲು ಬಂದಿದ್ದಾನೆ. ಇಷ್ಟು ಆಳವಾದ ಏರ್ಪಾಡು ಮಾಡಿಕೊಂಡವಳು ಗೆಲ್ಲದೆ ಇರುತ್ತಾಳೆಯೇ? ಗೆಲ್ಲುವವಳೊಂದಿಗೆ ನಿಷ್ಠುರ ಮಾಡಿಕೊಳ್ಳುವಷ್ಟು ದಡ್ಡರು ಕರೇಕಲ್ಲಹಟ್ಟಿಯಲ್ಲಿ ಇರಲಿಲ್ಲ.

ಮಾರನೆಯ ಬೆಳಿಗ್ಗೆ ಪರಮೇಶ್ ಕಿಂಡಿಯನ್ನು ಹದಿನಾರಕ್ಕೆ, ದೂರವನ್ನು ಹತ್ತು ಅಡಿಗೆ ಇಟ್ಟುಕೊಂಡು, ಕ್ಯಾಮರಾವನ್ನು ಹೊಟ್ಟೆಯ ಮೇಲೆ ತೂಗುಹಾಕಿಕೊಂಡು, ಏನೂ ಗೊತ್ತಿಲ್ಲದವನಂತೆ ಅಂಗಳದಲ್ಲಿ ನಿಂತ. ನಿಂಗಕ್ಕನ ಮೇಕೆಗಾಗಿ ಕಾದ. ಮೇಕೆ ಬರಲಿಲ್ಲ. ಇಪ್ಪತ್ತು ವರ್ಷಗಳಲ್ಲಿ ಮೊದಲ ಸಲ ನಿಂಗಕ್ಕ ಅದನ್ನು ಕಟ್ಟಿಹಾಕಿದ್ದಳು. ಗಿರಿಯಮ್ಮ ಬಾಗಿಲಿಗೆ ಬಂದು, ಮೇಕೆಯಿಲ್ಲದ ಅಂಗಳ ನೋಡಿ, ತೆರೆದ ಬಾಯನ್ನು ಮುಚ್ಚಿಕೊಂಡು ಒಳಗೆ ಹೋದಳು.

ಪರಮೇಶ್ ಅನುಸೂಯಳಿಗೆ ಕಣ್ಸನ್ನೆ ಮಾಡಿದ. ಗಂಡ ಹೇಳಿಕೊಟ್ಟಿದ್ದಂತೆ ಅವಳು ಒಂದು ಮಣ್ಣಿನ ಮಡಕೆಯನ್ನು ಅಂಗಳದ ಕಲ್ಲಿನ ಮೇಲೆ ಬೀಳಿಸಿದಳು. ಗಿರಿಯಮ್ಮ ಹೊರಗೆ ಬಂದಳು. ಸೆರಗು ಸೊಂಟಕ್ಕೆ ಹೋಯಿತು, ಬಲಗೈ ಮೇಲೆದ್ದಿತು. ಪರಮೇಶನ ಬೆರಳು ಗುಂಡಿಯ ಮೇಲಿತ್ತು. ಅಷ್ಟರಲ್ಲಿ ನಿಂಗಕ್ಕ ಎಳ್ಳುಬೆಲ್ಲದ ತಟ್ಟೆ ಹಿಡಿದು ಓಡೋಡಿ ಬಂದಳು.

"ಅಯ್ಯೋ ಗಿರಿಯಕ್ಕ, ನೀವು ಬಗ್ಗಬ್ಯಾಡ್ರಿ, ಚೂರೆಲ್ಲ ನಾನು ಬಳೀತೀನಿ. ನೀವು ಕುಂತ್ಕಳ್ರಿ. ನಿಮ್ಮಂಥೋರು ಈ ಕೇರಿಗಿರೋದೇ ನಮ್ಮ ಪುಣ್ಯ."

ಗಿರಿಯಮ್ಮ ಎತ್ತಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ತಲೆ ಕೆರೆದುಕೊಂಡಳು. ಕ್ಯಾಮರಾ ಕಟಕ್ ಎಂದಿತು. ಸದ್ದು ಕೇಳಿದೊಡನೆ ಆಕೆ ಸೆರಗು ಹೊದ್ದು, ಕೈಗಳನ್ನು ಎರಡೂ ಪಕ್ಕಕ್ಕೆ ಇಳಿಬಿಟ್ಟು, ಉಸಿರು ಹಿಡಿದು ನಿಂತಳು.

"ಲೇ ಪರಮ, ಹೊಟ್ಟೆ ಯಾಕ್ಲೇ ಹಂಗೆ ಮುಂದಕ್ಕೆ ಕೊಟ್ಕಂಡು ನಿಂತೀಯ? ನೋವೇನೋ?" ಎಂದು ತುಟಿ ಅಲುಗಿಸದೆ ಕೇಳಿದಳು.

ಮೂರನೇ ದಿನ ಎಲ್ಲರೂ ಮಾರಿಕಣಿವೆಗೆ ಹೊರಟರು. ನೀರಿನ ಹತ್ತಿರ ಅಕ್ಕ ಕ್ಯಾಮರಾ ಮರೆಯುತ್ತಾಳೆ ಮತ್ತು ಬಸ್ಸಿನಲ್ಲಿ ಸೀಟಿಗಾಗಿ ಹೇಗೂ ಜಗಳವಾಗುತ್ತದೆ ಎಂಬುದು ಪರಮೇಶನ ಲೆಕ್ಕಾಚಾರ. ಹಿರಿಯೂರಿನ ಬಸ್ಸಿಗೆ ಗಿರಿಯಮ್ಮ ಕಾಲಿಟ್ಟೊಡನೆ ಊರಿನವರು ಐದು ಜನ ಒಟ್ಟಿಗೆ ಎದ್ದು ನಿಂತರು.

"ಇಲ್ಲಿ ಬರ್ರಿ ಅಕ್ಕ."

"ಕಿಟಕಿ ಪಕ್ಕ ಕುಂತ್ಕಳ್ರಿ, ಗಾಳಿ ಬರ್ತೈತೆ."

ಹೋರಾಡದೆ ಸಿಕ್ಕ ಸೀಟಿನಲ್ಲಿ ಗಿರಿಯಮ್ಮ ಮುಳ್ಳಿನ ಮೇಲೆ ಕುಳಿತಂತೆ ಕುಳಿತಳು. ದಾರಿಯುದ್ದಕ್ಕೂ ಹಿಂದೆ ತಿರುಗಿ ಎಲ್ಲರ ಮುಖ ನೋಡಿದಳು. ಎಲ್ಲರೂ ಅವಳನ್ನೇ ನೋಡಿ ನಗುತ್ತಿದ್ದರು.

ಮಾರಿಕಣಿವೆಯಲ್ಲಿ ಕಾಟಯ್ಯ ಮತ್ತು ಕೊಟ್ರಮ್ಮ ಮೊದಲೇ ಬಂದು ನಿಂತಿದ್ದರು. ಫೋಟೋ ಗುಟ್ಟಾಗಿ ತೆಗೆಯುತ್ತಾರೆ, ಯಾವಾಗ ತೆಗೆಯುತ್ತಾರೋ ತಿಳಿಯುವುದಿಲ್ಲ ಎಂದು ಕಾಟಯ್ಯನಿಗೆ ಖಚಿತ ಮಾಹಿತಿ ಇತ್ತು. ಅಂಥ ಫೋಟೋ ಮೇಲಿನವರ ಕೈಗೆ ಹೋಗುವುದಾದರೆ ಅದರಲ್ಲಿ ಗಿರಿಯಮ್ಮ ಒಬ್ಬಳೇ ಯಾಕಿರಬೇಕು? ಆದ್ದರಿಂದ ಕೊಟ್ರಮ್ಮ ಎಲ್ಲೆಲ್ಲಿ ಗಿರಿಯಮ್ಮ ನಿಂತಳೋ ಅಲ್ಲೆಲ್ಲ ಎರಡು ಮಾರು ದೂರದಲ್ಲಿ ಕೈಮುಗಿದು ನಿಂತಳು. ಗಿರಿಯಮ್ಮ ಕಟ್ಟೆಯ ಮೇಲೆ ನಡೆದರೆ ಕೊಟ್ರಮ್ಮ ಒಬ್ಬ ಮುದುಕಿಯ ಕೈ ಹಿಡಿದು ನಡೆಸಿದಳು. ಆ ಮುದುಕಿ ಅಲ್ಲೇ ಸೌತೆಕಾಯಿ ಮಾರುವವಳು, ಎಲ್ಲಿಗೂ ಹೋಗಬೇಕಾಗಿರಲಿಲ್ಲ.

"ಕೈ ಬಿಡವ್ವ, ಬುಟ್ಟಿ ಅಲ್ಲೈತೆ," ಎಂದು ಮುದುಕಿ ಗೋಗರೆದಳು.

"ಒಸಿ ತಡೆಯಜ್ಜಿ. ಇನ್ನೂ ಕಟಕ್ ಅಂದಿಲ್ಲ," ಅಂದಳು ಕೊಟ್ರಮ್ಮ.

ಅನುಸೂಯ ಹೊಸ ಸೀರೆಯುಟ್ಟು, ಗಂಡ ಇತ್ತ ತಿರುಗಲೆಂದು ನೀರಿನ ಪಕ್ಕ ಬಹಳ ಹೊತ್ತು ನಿಂತು, ಕಡೆಗೆ ಒಂದು ಕಲ್ಲಿನ ಮೇಲೆ ಕುಳಿತು ಸೌತೆಕಾಯಿ ತಿಂದಳು. ಮೂವತ್ತೊಂದನೇ ಫೋಟೋ ಮುಗಿಯುವ ಹೊತ್ತಿಗೆ ಕಣಿವೆಯಲ್ಲಿದ್ದ ಎಲ್ಲರೂ ಒಬ್ಬರಿಗೊಬ್ಬರು ಉಪಕಾರ ಮಾಡುತ್ತಿದ್ದರು. ಬೈಸಿಕೊಳ್ಳಲು ಯೋಗ್ಯನಾದ ಒಬ್ಬ ಮನುಷ್ಯನೂ ಗಿರಿಯಮ್ಮನಿಗೆ ಸಿಗಲಿಲ್ಲ.

ಅವತ್ತು ಸಂಜೆ ಗೋವಿಂದಪ್ಪ ಪರಮೇಶನನ್ನು ಕುರಿ ರೊಪ್ಪದ ಹಿಂದಕ್ಕೆ ಕರೆದುಕೊಂಡು ಹೋದ. ಅವನು ಮಾತಾಡುವುದೇ ಅಪರೂಪ.

"ನಿಮ್ಮಕ್ಕ ನಂಗೆ ಬ್ಯಾಯ್ದು ಎಲ್ಡು ದಿನ ಆಯ್ತು ಕಣಪ್ಪ," ಅಂದ. "ಇವತ್ತು ಕುರಿ ತಡವಾಗಿ ಬಂದ್ರೂ 'ಬಂದ್ಯಾ' ಅಂದ್ಲು. ಹಿರಿಯೂರ್ಗೆ ಹೋಗಿ ಡಾಕ್ಟ್ರಿಗೆ ತೋರ್ಸಾಣ."

ಪರಮೇಶ್ ಒಳಗೆ ಹೋದಾಗ ಗಿರಿಯಮ್ಮ ಟ್ರಂಕಿನ ಮುಂದೆ ಕುಳಿತು ಸೀರೆ ಮಡಚುತ್ತಿದ್ದಳು.

"ಬಾ ಪರಮ, ಕುಂತ್ಕ," ಅಂದಳು. ಆ ದನಿ ಎಷ್ಟು ಮೆತ್ತಗಿತ್ತೆಂದರೆ ಪರಮೇಶ್ ಯಾರೋ ಬೇರೆಯವರು ಇದ್ದಾರೇನೋ ಎಂದು ಸುತ್ತ ನೋಡಿದ. "ನಿಜ ಹೇಳು. ಡಾಕ್ಟ್ರು ಏನಂದ್ರು?"

"ಯಾವ ಡಾಕ್ಟ್ರು ಅಕ್ಕ?"

"ನಂಗೇನು ತಿಳಿಯಾಕಿಲ್ವಾ? ನಿಂಗಿ ಮೇಕೆ ಕಟ್ಟಾಕವ್ಳೆ. ಬಸ್ನಾಗೆ ಸೀಟ್ ಬಿಡ್ತಾರೆ. ನೀನು ರಜ ಹಾಕಿ ಬಂದು ಕದ್ದು ಕದ್ದು ಫೋಟೋ ತೆಗೀತೀಯ. ಹೋಗೋರ ಫೋಟೋನೇ ಅಲ್ವೇನೋ ಹಂಗೆ ತೆಗೆಯೋದು?" ಸೀರೆಯ ಅಂಚು ಸರಿಮಾಡಿದಳು. "ಹೋಗ್ಲಿ ಬಿಡು. ಮಾರುತಿಗೆ ಮಾತ್ರ ಬರೀಬ್ಯಾಡ. ಅಲ್ಲಿ ಒಬ್ನೇ ಅವ್ನೆ."

ಪರಮೇಶ್ ಏನೋ ಹೇಳಹೋದ. ಕ್ಯಾಂಡಿಡ್ ಎಂದರೆ ಗೊತ್ತಾಗದ ಹಾಗೆ ತೆಗೆಯುವುದು. ಈಗ ಹೇಳಿಬಿಟ್ಟರೆ ಅದು ಕ್ಯಾಂಡಿಡ್ ಆಗಿ ಉಳಿಯುವುದಿಲ್ಲ. ಉಳಿದಿರುವುದು ಐದು ಫೋಟೋ. ಹೀಗೆ ಅವನು ಕಡತ ಮುಂದೂಡುವವನ ಹಾಗೆ ತೊದಲಿ, "ಡಾಕ್ಟ್ರು ಏನೂ ಅಂದಿಲ್ಲ ಅಕ್ಕ," ಎಂದ. ಆ ಮಾತನ್ನು ಹಾಗೆ ತೊದಲಿ ಹೇಳಿದರೆ ಅದಕ್ಕೆ ಒಂದೇ ಅರ್ಥ. ಗಿರಿಯಮ್ಮ ಅವನ ತಲೆ ಸವರಿದಳು. ಅವನು ಅಂಜಿ ಎದ್ದು ಹೊರಗೆ ಬಂದ.

ಮಾರನೆಯ ದಿನ ಅವರು ಹೊರಡುವ ದಿನ. ಬೆಳಗಿನಿಂದ ಪರಮೇಶ್ ಒಂದು ತುತ್ತೂ ಉಂಡಿರಲಿಲ್ಲ. ಅನುಸೂಯ ಎರಡು ಸಲ ತಂಬಿಗೆ ಬೀಳಿಸಿ ನೋಡಿದಳು. ಗಿರಿಯಮ್ಮ "ಹೋಗ್ಲಿ ಬಿಡವ್ವ, ತಂಬಿಗೆ ಏನು ಶಾಶ್ವತಾನಾ" ಎಂದಳು. ಕ್ಯಾಮರಾದ ಅಂಕಿ ಮೂವತ್ತೈದಕ್ಕೆ ಬಂದು ನಿಂತಿತ್ತು.

ಹತ್ತು ಗಂಟೆ ಹೊತ್ತಿಗೆ ಕಾಟಯ್ಯನೂ ಕೊಟ್ರಮ್ಮನೂ ಹಣ್ಣಿನ ತಟ್ಟೆ, ಎಲೆ ಅಡಿಕೆ, ಕುಬುಸದ ಕಣ ಹಿಡಿದು ಅಂಗಳಕ್ಕೆ ಬಂದರು. ಹಿಂದೆ ಅರ್ಧ ಊರು ಬಂತು. ಗಿರಿಯಮ್ಮ ಎಲ್ಲರನ್ನೂ ನೋಡಿ, ಕೊನೆಯ ದರ್ಶನಕ್ಕೆ ಬಂದಿದ್ದಾರೆಂದು ತಿಳಿದು, ಶಾಂತವಾಗಿ ಜಗಲಿಯ ಮೇಲೆ ಕುಳಿತಳು.

"ಅಕ್ಕ, ನೀವು ದೊಡ್ಡೋರು," ಅಂದ ಕಾಟಯ್ಯ. "ಈ ಸಲ ನೀವೇ ಬಿಟ್ಕೊಡ್ಬೇಕು."

"ಬಿಡೋ ಕಾಲ ಬಂದ್ರೆ ಎಲ್ಲಾ ಬಿಡೋದೇ ಕಾಟಯ್ಯ. ನಮ್ಮ ಕೈಲಿ ಏನೈತೆ?"

"ನಿಮ್ಮ ಕೈಲೇ ಐತೆ ಅಕ್ಕ. ಕೊಟ್ರಿ ಸಣ್ಣೋಳು, ಇನ್ನೈದು ವರ್ಷ ಕಾಯಂಗಿಲ್ಲ."

"ಅವಳಿಗೇನ್ ಅವಸರ? ನಾನು ಮೊದ್ಲು ಹೋಗ್ತೀನಿ. ಅವಳ ಸರದಿ ನಿಧಾನಕ್ಕೆ ಬರ್ಲಿ."

ಕೊಟ್ರಮ್ಮ ಅಳುವ ಮುಖ ಮಾಡಿದಳು. "ನೋಡಿದ್ರಾ, ಬಿಡಲ್ಲ ಅಂತವ್ರೆ."

"ಅಂಗಂದ್ರೆ ಹೆಂಗಕ್ಕ? ನಾಮಿನೇಷನ್ ನೀವು ಇನ್ನೂ ಹಾಕಿಲ್ಲವಲ್ಲ."

"ಏನು ಹಾಕಿಲ್ಲ?"

"ನಾಮಿನೇಷನ್ನು. ಪಂಚಾಯ್ತಿಗೆ. ಕ್ಯಾಂಡಿಡೇಟ್ ನೀವಂತೆ. ಪರಮೇಶನೇ ಹೋಟ್ಲತ್ರ ಹೇಳಿದ್ನಲ್ಲ, ಕ್ಯಾಂಡಿಡೇಟ್ ಫೋಟೋ ಗುಟ್ಟಾಗಿ ತೆಗೀಬೇಕು ಅಂತ."

ಊರೆಲ್ಲ ಪರಮೇಶನತ್ತ ತಿರುಗಿತು. "ನಾನಂದಿದ್ದು ಕ್ಯಾಂಡಿಡ್," ಎಂದ ಅವನು ಕ್ಷೀಣವಾಗಿ. "ಏಟ್ ಅನ್ನೋದು ನೀವು ಸೇರಿಸ್ಕಂಡಿದ್ದು."

ಗಿರಿಯಮ್ಮ ಎದ್ದಳು.

"ಅಂದ್ರೆ ನಾನು ಸಾಯಾಕಿಲ್ವಾ?" ಎಂದು ಕೇಳಿದಳು.

"ಇಲ್ಲ ಅಕ್ಕ."

"ಲೇ ಪರಮ," ಎಂದು ಆರಂಭವಾಯಿತು. ಮೂರು ದಿನಗಳ ಉಪವಾಸ ಮುರಿಯುತ್ತಿತ್ತು. "ಸೀರೆ ಪಾಲು ಮಾಡಿಟ್ಟೀನಲ್ಲೋ ನಾನು. ಹಸುರು ಸೀರೆ ಯಾರಿಗೆ ಅಂತ ಎಲ್ಡು ದಿನ ನಿದ್ದೆ ಮಾಡಿಲ್ಲ. ಆ ನಿಂಗಿ ತಂದ ಎಳ್ಳುಬೆಲ್ಲದಾಗೆ ಬರೀ ಕಡ್ಲೆ ಇತ್ತು, ಹೋಗೋ ಕಾಲ್ದಾಗೆ ಯಾಕೆ ಅಂತ ಬಾಯಿ ಮುಚ್ಕಂಡು ತಿಂದೆ. ಐದನೇ ಕ್ಲಾಸ್ನಾಗೆ ಕುರಿ ಎಣಿಸ್ಕಂಡು ಬಾ ಅಂದ್ರೆ ನಾಯೀನೂ ಸೇರ್ಸಿ ಎಣಿಸ್ಕಂಡು ಬಂದೋನು ನೀನು. ಒಂದು ಜಾಸ್ತಿ ಆಗೈತೆ ಅಂತ ಖುಷಿಯಾಗಿ ಬಂದು ಹೇಳಿದ್ಯಲ್ಲೋ. ಅವತ್ತೇ ನಂಗೆ ತಿಳೀಬೇಕಾಗಿತ್ತು, ಇವನು ಸರ್ಕಾರಿ ನೌಕರೀಗೇ ಸರಿ ಅಂತ."

ಇದೇ ಆ ಗಳಿಗೆ. ಒಂದೂವರೆ ವರ್ಷದಿಂದ ಒಬ್ಬ ಹುಡುಗ ಕಾಯುತ್ತಿದ್ದುದು ಹತ್ತು ಅಡಿ ದೂರದಲ್ಲಿ ನಡೆಯುತ್ತಿತ್ತು, ಮತ್ತು ರೋಲಿನಲ್ಲಿ ಒಂದೇ ಒಂದು ಫೋಟೋ ಉಳಿದಿತ್ತು. ಪರಮೇಶ್ ಕಿಂಡಿಯ ಬಳೆಗೆ ಕೈಹಾಕಿದ. ಅಕ್ಕ ಬಿಸಿಲಿನಲ್ಲಿದ್ದಾಳೋ ನೆರಳಿನಲ್ಲೋ? ಅರ್ಧ ಬಿಸಿಲು. ಹದಿನಾರೋ ಎಂಟೋ? ಅವನು ಹಾಳೆ ತೆಗೆದು ನೋಡಿದ. ಅರ್ಧ ಬಿಸಿಲಿಗೆ ಆದೇಶವಿರಲಿಲ್ಲ. ಆಕೆ ಏಳನೇ ಕ್ಲಾಸಿನ ಪರೀಕ್ಷೆಗೆ ಬಂದಿದ್ದಳು. ಅವನು ಬಳೆಯನ್ನು ಅತ್ತ ತಿರುಗಿಸಿದ, ಇತ್ತ ತಿರುಗಿಸಿದ. ಆಕೆ ಅವನ ಮದುವೆಯ ದಿನಕ್ಕೆ, ಅವನು ಮರೆತು ಬಂದ ಬಾಸಿಂಗಕ್ಕೆ ಬಂದಳು. ಬೆರಳು ಕ್ಯಾಮರಾದ ಎದುರಿಗಿದ್ದ ಯಾವುದೋ ಸಣ್ಣ ಹಿಡಿಯನ್ನು ತಗುಲಿ ಕೆಳಕ್ಕೆ ಎಳೆಯಿತು. ಅವನು ಗುಂಡಿ ಒತ್ತಿದ.

ಕಟಕ್ ಎನ್ನಲಿಲ್ಲ. ಜರ್ರ್ ಎಂದು ಒಳಗೆ ಏನೋ ತಿರುಗತೊಡಗಿತು. ಗಿರಣಿ ಕೆಟ್ಟಾಗ ಬರುವಂಥ ಸದ್ದು. ಮುಗಿಯಿತು, ಮಾರುತೇಶನ ಕ್ಯಾಮರಾವನ್ನೂ ಕೆಡಿಸಿದೆ ಎಂದುಕೊಂಡ ಪರಮೇಶ್, ಅದು ಕೈಯಲ್ಲೇ ಸಿಡಿದೀತೆಂಬ ಭಯದಿಂದ ಅಂಗಳದ ಒರಳುಕಲ್ಲಿನ ಮೇಲೆ ಮೆಲ್ಲಗೆ ಇಟ್ಟ. ಆಮೇಲೆ ಬೇರೇನೂ ತೋಚದೆ ಅಕ್ಕನ ಮುಂದೆ ಹೋಗಿ ತಲೆ ತಗ್ಗಿಸಿ ನಿಂತ. ಗಿರಿಯಮ್ಮ ಉಸಿರೆಳೆದುಕೊಂಡು, ಬಲಗೈ ಎತ್ತಿ, ಏನೋ ಅಂದಳು.

ಹಿಂದಿನಿಂದ ಕಟಕ್ ಎಂದಿತು.

ಗಿರಿಯಮ್ಮನ ಗಮನ ಆಗಲೇ ಕಾಟಯ್ಯನ ಕಡೆ ಹೊರಳಿತ್ತು. ಆಮೇಲೆ ನಿಂಗಕ್ಕನ ಎಳ್ಳಿನ ಕಡೆಗೆ, ಕೊಟ್ರಮ್ಮ ಕೈ ಹಿಡಿದು ಸುತ್ತಿಸಿದ ಮುದುಕಿಯ ಕಡೆಗೆ. ಅರ್ಧ ಊರು ನಿಂತಲ್ಲೇ ನಿಂತು ಕೇಳಿತು. ಗೋವಿಂದಪ್ಪ ಕಂಬಳಿ ಹಾಸಿಕೊಂಡು ಕುಳಿತು ಬೀಡಿ ಹಚ್ಚಿದ.

"ಗುಣ ಆಯ್ತು," ಅಂದ.

ಆ ಬೈಗುಳ ಕೇಳಿದ ಊರಿನವರು ಇಂಥಾಕೆಯೇ ಪಂಚಾಯಿತಿಗೆ ತಕ್ಕವಳೆಂದು ಮಧ್ಯಾಹ್ನ ನಿಜವಾಗಿಯೂ ಬಂದು ಕೇಳಿಕೊಂಡರಂತೆ. ಅವರಿಗೂ ಸಿಕ್ಕಬೇಕಾದದ್ದು ಸಿಕ್ಕಿತು. ಕೊಟ್ರಮ್ಮ ಅವಿರೋಧವಾಗಿ ಆರಿಸಿ ಬಂದಳು. ನಿಂಗಕ್ಕನ ಮೇಕೆಗೆ ಬಿಡುಗಡೆಯಾಯಿತು.

ಜಂಬಣ್ಣ ರೋಲು ತೊಳೆದು, ಮೂವತ್ತಾರು ಫೋಟೋಗಳನ್ನು ಗಲ್ಲಾಪೆಟ್ಟಿಗೆಯ ಮೇಲೆ ಹರಡಿ ಬಹಳ ಹೊತ್ತು ನೋಡಿದ. ಕೆಲವುಗಳಲ್ಲಿ ಗಿರಿಯಮ್ಮ ಉಸಿರು ಹಿಡಿದು ನಿಂತಿದ್ದಳು. ಕೆಲವುಗಳಲ್ಲಿ ಗಿರಿಯಮ್ಮ ಇರಲಿಲ್ಲ, ಕೊಟ್ರಮ್ಮ ಕೈಮುಗಿದಿದ್ದಳು. ಕೆಲವುಗಳಲ್ಲಿ ಪರಮೇಶನ ಹೆಬ್ಬೆರಳು ಸ್ಪಷ್ಟವಾಗಿ ಬಂದಿತ್ತು. ಮಾರಿಕಣಿವೆ ಎಷ್ಟು ವಾಲಿತ್ತೆಂದರೆ ನೀರು ಇನ್ನೇನು ಹಿರಿಯೂರಿನ ಮೇಲೆ ಚೆಲ್ಲುವಂತಿತ್ತು. ಕೊನೆಯದನ್ನು ಮಾತ್ರ ಜಂಬಣ್ಣ ಕೈಗೆತ್ತಿಕೊಂಡ. ಅಂಗಳದ ಅರ್ಧ ಬಿಸಿಲು, ಜಗಲಿ, ಜನ. ನಡುವೆ ಗಿರಿಯಮ್ಮ, ಎತ್ತಿದ ಕೈ, ತೆರೆದ ಬಾಯಿ, ಹಣೆಯ ಮೇಲೆ ಜಾರಿದ ಒಂದು ಎಳೆ ಕೂದಲು. ಆಕೆಯ ಮುಂದೆ ತಗ್ಗಿದ ಒಂದು ತಲೆ.

"ಕಲ್ಲಿನ ಮೇಲೆ ಇಟ್ಟಿದ್ರಿ, ಅಲ್ಲಾಡಿಲ್ಲ," ಅಂದ ಜಂಬಣ್ಣ. "ಆ ಸಣ್ಣ ಹಿಡಿ ಎಳೆದಿದ್ಕೆ ಟೈಮರ್ ತಂತಾನೇ ಹೊಡೆದೈತೆ. ಇದನ್ನ ನೀವು ಮುಟ್ಟದೇ ಇದ್ದಿದ್ದಕ್ಕೇ ಇಷ್ಟು ಚೆನ್ನಾಗಿ ಬಂದೈತೆ ಸಾರ್."

"ಥ್ಯಾಂಕ್ಸ್ ಜಂಬಣ್ಣ," ಅಂದ ಪರಮೇಶ್. ಅವನು ಅದನ್ನು ಮನಸಾರೆ ಹೇಳಿದ. ಅನುಸೂಯಳಿಗೆ ಕೊಟ್ಟ ಮಾತು ನೆನಪಾಗಿ ಇನ್ನೊಂದು ರೋಲನ್ನೂ ಕೇಳಿ ತೆಗೆದುಕೊಂಡ.

ಯುಗಾದಿಯ ಹೊತ್ತಿಗೆ ಉತ್ತರ ಬಂತು. ಪರಮೇಶ್ ಅದನ್ನು ಅಂಚೆಯಲ್ಲಿ ಕಳಿಸದೆ ಕೈಯಲ್ಲೇ ಹಿಡಿದು ಕರೇಕಲ್ಲಹಟ್ಟಿಗೆ ಹೋಗಿ, ಜಗಲಿಯ ಮೇಲೆ ಕುಳಿತು ಅಕ್ಕನಿಗೆ ಓದಿ ಹೇಳಿದ.

'ಮಾಮ, ಫೋಟೋ ಬಂತು. ಗೋಡೆಗೆ ಅಂಟಿಸಿದ್ದೇನೆ. ನಮ್ಮ ಜೊತೆ ಒಬ್ಬ ತಮಿಳಿನವನು, ಒಬ್ಬ ಗಢವಾಲಿ, ಇಬ್ಬರು ಒರಿಸ್ಸಾದವರು ಇದ್ದಾರೆ. ಡ್ಯೂಟಿ ಮುಗಿಸಿ ಬಂದವರು ಮೊದಲು ಅದರ ಮುಂದೆ ಒಂದು ಗಳಿಗೆ ನಿಂತು ಬೈಸಿಕೊಂಡು ಆಮೇಲೆ ಬೂಟು ಬಿಚ್ಚುತ್ತಾರೆ. ಎಲ್ಲರೂ ತಂತಮ್ಮ ಅಮ್ಮನ ಹಾಗೇ ಇದ್ದಾಳೆ ಅನ್ನುತ್ತಾರೆ. ತಲೆ ತಗ್ಗಿಸಿ ನಿಂತಿರುವುದು ನೀವೆಂದು ಬೆನ್ನು ನೋಡಿದರೇ ಗೊತ್ತಾಯಿತು. ನಾನು ಇಲ್ಲಿರುವಷ್ಟು ದಿನ ನನ್ನ ಪಾಲಿನದನ್ನೂ ನೀವೇ ಬೈಸಿಕೊಳ್ಳುತ್ತಿದ್ದೀರಿ. ಈ ಉಪಕಾರ ನಾನು ಮರೆಯುವುದಿಲ್ಲ ಮಾಮ. ಒಂದೇ ವಿಷಯ ತಿಳಿಸಿ. ಫೋಟೋ ತೆಗೆದ ಗಳಿಗೆಯಲ್ಲಿ ಅವ್ವ ಏನಂತ ಬೈಯುತ್ತಿದ್ದಳು? ಇವರೆಲ್ಲ ಕೇಳುತ್ತಾರೆ. ನಾನು ದಿನಕ್ಕೊಂದು ಹೇಳುತ್ತಿದ್ದೇನೆ.'

ಗಿರಿಯಮ್ಮ ಪರಮೇಶನ ಕಡೆ ತಿರುಗಿದಳು. "ಆ ಹುಡುಗ್ರಿಗೆ ಅವ್ವಂದಿರು ಇಲ್ವೇನ್ಲೇ?"

"ಅವ್ರೆ ಅಕ್ಕ. ದೂರ."

"ಸರಿ. ನೋಡ್ಕಳ್ಳಿ ಬಿಡು."

"ಏನಂತ ಬೈತಿದ್ದೆ ಅಕ್ಕ ಅವಾಗ? ನಂಗೆ ಬಾಸಿಂಗದ ತನಕ ನೆನಪೈತೆ."

"ಬೈದು ಮುಗಿಸಿದ್ದೆ. ಮುಗಿಸಿದ ಮ್ಯಾಲೆ ಇನ್ನೇನಂತೀನಿ? ಬೆಳಿಗ್ಗಿಂದ ಉಂಡಿರ್ಲಿಲ್ಲ ನೀನು. ಉಂಡು ಸಾಯಿ ಬಾ ಅಂದೆ."

ಪರಮೇಶ್ ಅಲ್ಲೇ ಹಾಳೆ ತೆಗೆದು ತೊಡೆಯ ಮೇಲಿಟ್ಟುಕೊಂಡು, ತಾವು ಕೇಳಿದ ಮಾಹಿತಿಯನ್ನು ಈ ಮೂಲಕ ತಿಳಿಸಲಾಗಿದೆ ಎಂದು ಬರೆದು, ಅದರ ಕೆಳಗೆ ಅಕ್ಕನ ಮಾತನ್ನು ಇದ್ದ ಹಾಗೆಯೇ ಬರೆದು, ಓದಿ ಹೇಳಿದ. ಗಿರಿಯಮ್ಮ ತಲೆ ಅಲ್ಲಾಡಿಸಿದಳು.

"ಆ ನಡುವಿನ ಮಾತು ಬ್ಯಾಡ."

"ಯಾವ್ದು?"

"ಅದೇ. ನಿಂಗಾದ್ರೆ ಅಂತೀನಿ. ಅಲ್ಲಿಗೆ ಹೋಗೋ ಕಾಗದದಾಗೆ ಬ್ಯಾಡ."

ಪರಮೇಶ್ ಆ ಪದದ ಮೇಲೆ ಅಡ್ಡಗೆರೆ ಎಳೆದು, ಕಚೇರಿಯ ರೂಢಿಯಂತೆ ಪಕ್ಕದಲ್ಲಿ ಚಿಕ್ಕ ಸಹಿ ಮಾಡಿದ. ಗಿರಿಯಮ್ಮನಿಗೆ ಓದಲು ಬರುತ್ತಿರಲಿಲ್ಲ. ಆಕೆ ಬಗ್ಗಿ ಹಾಳೆಯನ್ನು ನೋಡಿದಳು.

"ಈ ಗೀಟು ಏನ್ಲೇ?"

"ಹೊಡೆದಾಕೀನಿ ಅಕ್ಕ."

"ಗೀಟಿನ ಕೆಳಗೆ ಇನ್ನೂ ಐತಲ್ಲೋ. ಬ್ಯಾರೆ ಹಾಳೆ ತಗಾ."

ಪರಮೇಶ್ ಬೇರೆ ಹಾಳೆ ತೆಗೆದುಕೊಂಡು, ತಾರೀಖಿನಿಂದ ಮೊದಲುಗೊಂಡು ಎಲ್ಲವನ್ನೂ ಹೊಸದಾಗಿ ಬರೆದ. ಅವ್ವ ಅಂದದ್ದು ಎರಡೇ ಮಾತು ಎಂದು ಬರೆದು, ಅದರ ಕೆಳಗೆ ದುಂಡಗಿನ ಅಕ್ಷರದಲ್ಲಿ ಆ ಎರಡು ಮಾತು ಬರೆದ.

ಉಂಡು ಬಾ.